ಗುಬ್ಬಿಯಿಂದ ನೆಟ್ಟಗೆ ದಕ್ಷಿಣಕ್ಕೆ

ಭೂಪಟದಲ್ಲಿ ಗುಬ್ಬಿಯ ಮೇಲೆ ಬೆರಳಿಟ್ಟು ನೆಟ್ಟಗೆ ಕೆಳಕ್ಕೆ ಎಳೆದುಕೊಂಡು ಹೋಗಿ. ಮಂಡ್ಯ, ಚಾಮರಾಜನಗರ, ಕೊಯಮತ್ತೂರು, ತಿರುವನಂತಪುರ ಎಲ್ಲವೂ ಹೆಚ್ಚುಕಡಿಮೆ ಅದೇ ಗೆರೆಗೆ ಸಿಗುತ್ತವೆ. ಅಲ್ಲಿಗೆ ನೆಲ ಮುಗಿಯಿತು, ಮುಂದೆ ಬರೀ ಕಡಲು. ಸಮಭಾಜಕ ವೃತ್ತ ದಾಟಿ, ಹಿಂದೂ ಮಹಾಸಾಗರದ ನಡುವಿನ ಆಮ್‌ಸ್ಟರ್‌ಡ್ಯಾಮ್ ಎಂಬ ಪುಟ್ಟ ಜ್ವಾಲಾಮುಖಿ ದ್ವೀಪವನ್ನು ಪೂರ್ವಕ್ಕೆ ಬಿಟ್ಟು ಬೆರಳು ಮತ್ತೆ ನೆಲ ಮುಟ್ಟುವುದು ಅಂಟಾರ್ಕ್ಟಿಕದಲ್ಲೇ. ಅಲ್ಲಿನ ಲಾರ್ಸ್‌ಮನ್ ಬೆಟ್ಟಗಳ ಅಂಚಿನಲ್ಲಿ ನಮ್ಮ ದೇಶದ ‘ಭಾರತಿ’ ಸಂಶೋಧನಾ ಕೇಂದ್ರ ನಿಂತಿದೆ. ಗುಬ್ಬಿ ಇರುವುದು 76.94 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಭಾರತಿ 76.19ರಲ್ಲಿ. ನಡುವಿನ ದೂರ ಸುಮಾರು 9,200 ಕಿಲೋಮೀಟರ್. ಇಷ್ಟು ದೂರದ ಈ ಎರಡು ಊರುಗಳಿಗೆ ನಡುಮಧ್ಯಾಹ್ನ ಮಾತ್ರ ಒಂದೇ. ಗುಬ್ಬಿಯಲ್ಲಿ ಸೂರ್ಯ ನೆತ್ತಿಗೆ ಬಂದ ಮೂರು ನಿಮಿಷಕ್ಕೆ ಭಾರತಿಯಲ್ಲೂ ಅವನು ಆ ದಿನದ ತನ್ನ ಎತ್ತರದ ತುದಿ ತಲುಪಿರುತ್ತಾನೆ.

ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಹಗಲು ರಾತ್ರಿ ಸಮವಾಗುತ್ತವೆ. ಆಗ ಈ ಎರಡೂ ಕಡೆ ಸೂರ್ಯ ಹುಟ್ಟುವುದೂ ಹತ್ತಿರ ಹತ್ತಿರ ಒಂದೇ ಹೊತ್ತಿಗೆ. ಅದೇ ದಿನಗಳನ್ನು ಆರಿಸಿಕೊಂಡು ನಾನು ತುಮಕೂರು, ಗುಬ್ಬಿ, ಕುಣಿಗಲ್ ಸುತ್ತಿ ಬರಲು ಹೊರಟೆ. ಧ್ರುವಗಳ ಲೆಕ್ಕದಲ್ಲಿ ಇದು ವರ್ಷದ ದೊಡ್ಡ ತಿರುವು. ಉತ್ತರ ಧ್ರುವದ ಕಡಲಿನ ಮಂಜುಗಡ್ಡೆ ಬೇಸಿಗೆಯಿಡೀ ಕರಗಿ ಈ ತಿಂಗಳಲ್ಲೇ ಅತಿ ಕಡಿಮೆಗೆ ಇಳಿದಿರುತ್ತದೆ. ದಕ್ಷಿಣದ ಕಡಲಿನದು ಚಳಿಗಾಲವೆಲ್ಲ ಬೆಳೆದು ಅತಿ ಹೆಚ್ಚಿಗೆ ಏರಿರುತ್ತದೆ. ಅಂಟಾರ್ಕ್ಟಿಕದ ಮೇಲಣ ಓಜೋನ್ ಪದರ ತೀರ ತೆಳುವಾಗುವುದೂ ಈಗಲೇ. ನಮ್ಮ ತುಮಕೂರು ಜಿಲ್ಲೆಯ ಕೆರೆಗಳು ತುಂಬಬೇಕಾದ ಮಳೆ ಬರುವುದೂ ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ಇವೆಲ್ಲ ಒಂದೇ ಗ್ರಹದ ಒಂದೇ ತಿಂಗಳ ಸಂಗತಿಗಳು. ಒಂದೊಂದಾಗಿ ಓದಿಕೊಂಡಿದ್ದನ್ನು ಒಂದೇ ದಾರಿಯಲ್ಲಿ ಸಾಲಾಗಿ ಇಟ್ಟು ನೋಡಬೇಕೆಂಬ ಆಸೆ ಬಹಳ ದಿನದ್ದು.

ಹೊರಟಿದ್ದು ಬೆಂಗಳೂರಿನ ಪೀಣ್ಯದಿಂದ. ತುಮಕೂರು ರಸ್ತೆಯಲ್ಲಿ ಓಡಾಡುವವರಿಗೆ ಪೀಣ್ಯವೆಂದರೆ ಮೇಲ್ಸೇತುವೆ, ಲಾರಿಗಳ ಸಾಲು, ಲೇತ್ ಮೆಷಿನ್ನುಗಳ ಸದ್ದು, ತಗಡಿನ ಶೆಡ್ಡುಗಳು. ಅಂಥ ಶೆಡ್ಡುಗಳಲ್ಲೇ ಉಡುಪಿಯ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ದೇಶದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಹಾರಿತು. ಆ ಜಾಗದಲ್ಲಿ ಈಗ ಇಸ್ರೊದ ಎಲೆಕ್ಟ್ರೊ ಆಪ್ಟಿಕ್ಸ್ ಪ್ರಯೋಗಾಲಯ ‘ಲಿಯೋಸ್’ ಇದೆ. ಉಪಗ್ರಹಗಳ ಮೇಲೆ ಕಣ್ಣಿಟ್ಟು ಅಪ್ಪಣೆ ಕಳಿಸುವ ‘ಇಸ್ಟ್ರ್ಯಾಕ್’ ಕೂಡ ಪೀಣ್ಯದಲ್ಲೇ ಇದೆ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿದಾಗ ಇಡೀ ದೇಶ ಟೀವಿಯಲ್ಲಿ ನೋಡಿದ್ದು ಇಲ್ಲಿನ ಕೊಠಡಿಯನ್ನು.

ವಿಕ್ರಮ್ ಇಳಿದ ಜಾಗ ಚಂದ್ರನ 69.37 ಡಿಗ್ರಿ ದಕ್ಷಿಣ ಅಕ್ಷಾಂಶ. ಅಂಟಾರ್ಕ್ಟಿಕದ ಭಾರತಿ ಇರುವುದು ಭೂಮಿಯ 69.41 ಡಿಗ್ರಿ ದಕ್ಷಿಣದಲ್ಲಿ. ಬೇಕೆಂದು ಯಾರೂ ಹೊಂದಿಸಿದ್ದಲ್ಲ. ಆದರೂ ಎರಡು ಲೋಕಗಳಲ್ಲಿ ನಮ್ಮ ಎರಡು ಮನೆಗಳು ಒಂದೇ ಅಕ್ಷಾಂಶದಲ್ಲಿ ಇರುವುದರಿಂದ ಹೋಲಿಸಿ ನೋಡಲು ಅನುಕೂಲವಾಗಿದೆ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ. ಅದಕ್ಕಾಗಿಯೇ ಭಾರತಿಯಲ್ಲಿ ಜೂನ್ ತಿಂಗಳು ಪೂರ್ತಿ ಸೂರ್ಯ ಹುಟ್ಟುವುದಿಲ್ಲ, ಡಿಸೆಂಬರಿನಲ್ಲಿ ಮುಳುಗುವುದಿಲ್ಲ. ಚಂದ್ರನ ಅಕ್ಷದ ವಾಲಿಕೆ ಒಂದೂವರೆ ಡಿಗ್ರಿ ಮಾತ್ರ. ಅಲ್ಲಿ ಋತುಗಳೇ ಇಲ್ಲವೆನ್ನಬಹುದು. ವಿಕ್ರಮ್ ಇದ್ದ ಜಾಗದಲ್ಲಿ ವರ್ಷವಿಡೀ ನಮ್ಮ ಹದಿನಾಲ್ಕು ದಿನದಷ್ಟು ಹಗಲು, ಅಷ್ಟೇ ರಾತ್ರಿ. ಇನ್ನೂ ಧ್ರುವದತ್ತ ಸರಿದರೆ, ಸೂರ್ಯ ದಿಗಂತವನ್ನು ಸವರಿಕೊಂಡೇ ಸುತ್ತುವುದರಿಂದ ಆಳವಾದ ಕುಳಿಗಳ ತಳಕ್ಕೆ ಬಿಸಿಲು ಮುಟ್ಟುವುದೇ ಇಲ್ಲ. ಅಲ್ಲಿ ಕೋಟಿಗಟ್ಟಲೆ ವರ್ಷಗಳಿಂದ ಕತ್ತಲೆ. ಅಮೆರಿಕದ ಎಲ್‌ಆರ್‌ಓ ನೌಕೆ ಅಂಥ ಒಂದು ಕುಳಿಯಲ್ಲಿ ಸೊನ್ನೆಗಿಂತ 238 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯನ್ನು ಅಳೆದಿದೆ.

ವಿಕ್ರಮ್ ಜೊತೆಗಿದ್ದ ‘ಚೇಸ್ಟ್’ ಉಪಕರಣ ನೆಲಕ್ಕೆ ಸೂಜಿ ಚುಚ್ಚಿ ಶಾಖ ಅಳೆಯಿತು. ಮೇಲ್ಮೈಯಲ್ಲಿ ಸುಮಾರು 50 ಡಿಗ್ರಿ, ಎಂಟೇ ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ 10 ಡಿಗ್ರಿ ಕಡಿಮೆ! ಹಿಂದೆ ಐಸ್ ಮಾರುವವರು ಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತಿಟ್ಟು ಬಿಸಿಲೂರುಗಳಿಗೆ ಸಾಗಿಸುತ್ತಿದ್ದ ಹಾಗೆ, ಚಂದ್ರನ ನುಣ್ಣನೆಯ ಧೂಳು ಮೇಲಿನ ಶಾಖವನ್ನು ಕೆಳಗೆ ಬಿಡುವುದಿಲ್ಲ. ಧ್ರುವದ ಹತ್ತಿರ ನೆಲದಡಿ ನೀರು ಗಡ್ಡೆಯಾಗಿ ಉಳಿದಿರಬಹುದೆಂಬ ಯೋಚನೆಗೆ ಈ ಎಂಟು ಸೆಂಟಿಮೀಟರಿನ ಅಳತೆ ಬಲ ಕೊಟ್ಟಿತು. ಪ್ರಗ್ಯಾನ್ ರೋವರಿನ ಲೇಸರ್ ಉಪಕರಣ ಅಲ್ಲಿನ ಮಣ್ಣಿನಲ್ಲಿ ಗಂಧಕ ಇರುವುದನ್ನು ತೋರಿಸಿತು. ಆ ಉಪಕರಣ ತಯಾರಾದದ್ದು ಲಿಯೋಸ್‌ನಲ್ಲಿ, ಲಾರಿಗಳು ಹಾರ್ನ್ ಹೊಡೆಯುವ ಇದೇ ಪೀಣ್ಯದಲ್ಲಿ.

ನೆಲಮಂಗಲ, ಡಾಬಸ್‌ಪೇಟೆ ದಾಟಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ತುಮಕೂರಿಗೆ ಮುನ್ನ ದೇವರಾಯನದುರ್ಗದ ಕಡೆ ಹೊರಳಿದೆ. ಬೆಟ್ಟದ ಮೇಲಿಂದ ನೋಡಿದರೆ ಹಾಸುಬಂಡೆ, ಕುರುಚಲು ಕಾಡು, ದೂರದಲ್ಲಿ ಹೊಳೆಯುವ ಕೆರೆಗಳು. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ಉತ್ತರ ಪಿನಾಕಿನಿಗೆ ಸೇರುತ್ತದೆ, ಶಿಂಷಾ ಕಾವೇರಿಗೆ. ರಾಮನಗರ, ಮಾಗಡಿ, ಮಧುಗಿರಿ, ಪಾವಗಡದ ಕಡೆ ಹಾಯುವ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಈ ಕಲ್ಲು ತನ್ನ ಆಯುಸ್ಸಿನ ಬಹುಭಾಗ ಇಲ್ಲಿರಲಿಲ್ಲ. ಸುಮಾರು 13 ಕೋಟಿ ವರ್ಷಗಳ ಹಿಂದಿನವರೆಗೂ ನಮ್ಮ ಭೂಖಂಡ ಅಂಟಾರ್ಕ್ಟಿಕಕ್ಕೆ ಅಂಟಿಕೊಂಡು ಗೋಂಡ್ವಾನದ ಭಾಗವಾಗಿ ದಕ್ಷಿಣ ಗೋಳಾರ್ಧದಲ್ಲಿ ಬಹಳ ಕೆಳಗೆ ಇತ್ತು. ಆಂಧ್ರ, ಒಡಿಶಾದ ಪೂರ್ವಘಟ್ಟಗಳ ಕಲ್ಲಿಗೂ ಪೂರ್ವ ಅಂಟಾರ್ಕ್ಟಿಕದ ಕರಾವಳಿಯ ಕಲ್ಲಿಗೂ ಹೊಂದಿಕೆ ಇದೆ. ಮಹಾನದಿಯ ಕಣಿವೆಯನ್ನು ಭಾರತಿಗೆ ಸಮೀಪದ ಲ್ಯಾಂಬರ್ಟ್ ಹಿಮನದಿಯ ಕಣಿವೆಯೊಂದಿಗೆ ಭೂವಿಜ್ಞಾನಿಗಳು ಜೋಡಿಸಿ ನೋಡುತ್ತಾರೆ. ಆ ಕೇಂದ್ರಕ್ಕೆ ಲಾರ್ಸ್‌ಮನ್ ಬೆಟ್ಟಗಳನ್ನು ಆರಿಸಿಕೊಂಡಿದ್ದರ ಹಿಂದೆ ಈ ಹಳೆಯ ನೆಂಟಸ್ತಿಕೆಯ ಹುಡುಕಾಟವೂ ಇದೆ.

ಬಂಡೆಯ ಮೇಲೆ ಕೂತಾಗ ಇನ್ನೊಂದು ಸಂಗತಿ ಹೊಳೆಯಿತು. ನಿನ್ನೆ ರಾತ್ರಿ ಆಕಾಶದಿಂದ ಒಂದು ಕಲ್ಲು ಈ ಬೆಟ್ಟಕ್ಕೆ ಬಿದ್ದಿದ್ದರೆ ನನಗೆ ಗುರುತು ಸಿಗುತ್ತಿರಲಿಲ್ಲ. ಸಾವಿರ ಕಲ್ಲುಗಳಲ್ಲಿ ಅದೂ ಒಂದಾಗುತ್ತಿತ್ತು, ನಾಲ್ಕಾರು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತಿತ್ತು. ಅಂಟಾರ್ಕ್ಟಿಕದ ನೀಲಿ ಮಂಜಿನ ಮೇಲೆ ಬಿದ್ದ ಕರಿಯ ಕಲ್ಲು ಮಾತ್ರ ದೂರಕ್ಕೇ ಕಾಣುತ್ತದೆ. ಹರಿಯುವ ಹಿಮ ಇಂಥ ಕಲ್ಲುಗಳನ್ನು ಹೊತ್ತು ತಂದು ಬೆಟ್ಟದ ತಡೆ ಸಿಕ್ಕ ಕಡೆ ಒಟ್ಟುಮಾಡುತ್ತದೆ. 1969ರಲ್ಲಿ ಜಪಾನೀ ತಂಡವೊಂದು ಯಮಾಟೊ ಬೆಟ್ಟಗಳ ಬಳಿ ಒಂದೇ ಕಡೆ ಒಂಬತ್ತು ಉಲ್ಕಾಶಿಲೆಗಳನ್ನು ಹೆಕ್ಕಿದ ಮೇಲೆ ಇದು ಜಗತ್ತಿಗೆ ಗೊತ್ತಾಯಿತು. ಚಂದ್ರನಿಂದ ಸಿಡಿದು ಬಂದದ್ದೆಂದು ಮೊದಲು ಗುರುತಿಸಲಾದ ಉಲ್ಕಾಶಿಲೆ ಸಿಕ್ಕಿದ್ದೂ ಅಂಟಾರ್ಕ್ಟಿಕದ ಆಲನ್ ಹಿಲ್ಸ್‌ನಲ್ಲಿ. 1996ರಲ್ಲಿ ದೊಡ್ಡ ಚರ್ಚೆ ಎಬ್ಬಿಸಿದ ಮಂಗಳನ ಕಲ್ಲು ಸಿಕ್ಕಿದ್ದೂ ಅಲ್ಲೇ. ಮಳೆ, ಬಿಸಿಲು, ಬೇರು, ಗೆದ್ದಲು ಇರುವ ನೆಲ ಎಲ್ಲವನ್ನೂ ಬದಲಾಯಿಸುತ್ತದೆ. ಚಳಿಯ ನೆಲ ಇಟ್ಟದ್ದನ್ನು ಇಟ್ಟ ಹಾಗೆ ಕಾಯುತ್ತದೆ. ಒಂದು ಗ್ರಹದ ಹಳೆಯ ದಾಖಲೆ ಬೇಕಿದ್ದರೆ ಅದರ ಧ್ರುವಗಳಿಗೆ ಹೋಗಬೇಕು ಎನ್ನುವ ಮಾತು ಈ ಬೆಟ್ಟದ ಮೇಲೆ ನನಗೆ ಪೂರ್ತಿಯಾಗಿ ಅರ್ಥವಾಯಿತು.

ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನ ಒಂದು ಸಣ್ಣ ಅಂಗಡಿ. ಫ್ರಿಜ್, ಎಸಿ ರಿಪೇರಿ. ಬಾಗಿಲಲ್ಲಿ ಬಿಚ್ಚಿಟ್ಟ ಕಂಪ್ರೆಸರುಗಳು, ಗೋಡೆಗೆ ಒರಗಿಸಿದ ಗ್ಯಾಸ್ ಸಿಲಿಂಡರುಗಳು. ತಾಮ್ರದ ಪೈಪಿಗೆ ಬೆಸುಗೆ ಹಾಕುತ್ತಿದ್ದ ನಡುವಯಸ್ಸಿನ ಮೆಕ್ಯಾನಿಕ್ಕನ್ನು ಮಾತಿಗೆಳೆದೆ. ಹಳೇ ಫ್ರಿಜ್ಜಿಗೆ ಹಾಕುತ್ತಿದ್ದ ಆರ್-12 ಗ್ಯಾಸ್ ಈಗ ಸಿಗುತ್ತದೆಯೇ ಎಂದು ಕೇಳಿದೆ.

“ಆರ್-ಟ್ವೆಲ್ವ್ ಈಗೆಲ್ಲಿ ಬರ್ಬೇಕು ಸಾರ್? ನಾನು ಕೆಲ್ಸ ಕಲಿಯೋವಾಗ ಇತ್ತು. ಆಮೇಲೆ ಒನ್ ತರ್ಟಿಫೋರ್ ಬಂತು. ಈಗ ಹೊಸಾ ಫ್ರಿಜ್ಜಲ್ಲೆಲ್ಲ ಸಿಕ್ಸ್ ಹಂಡ್ರೆಡ್, ಎಸಿಗೆ ತರ್ಟಿಟೂ. ಗ್ಯಾಸ್ ಬದ್ಲಾದಂಗೆಲ್ಲ ನಾವೂ ಹೊಸದಾಗಿ ಕಲೀಬೇಕು.”

ಗ್ಯಾಸ್ ಬದಲಾದದ್ದೇಕೆ ಎಂದೆ. “ಅದೇನೋ ಓಜೋನ್ ತೂತು ಆಯ್ತಂತಲ್ಲ ಸಾರ್” ಎಂದವರು ಬೆಸುಗೆಗೆ ಮರಳಿದರು.

ಆ ಒಂದು ಮಾತಿನ ಹಿಂದೆ ವಾತಾವರಣ ವಿಜ್ಞಾನದ ಅತ್ಯಂತ ಗೌರವದ ಅಧ್ಯಾಯವಿದೆ. ಬ್ರಿಟನ್ನಿನ ವಿಜ್ಞಾನಿಗಳು ಅಂಟಾರ್ಕ್ಟಿಕದ ಹ್ಯಾಲಿ ಕೇಂದ್ರದಲ್ಲಿ 1950ರ ದಶಕದ ಕೊನೆಯಿಂದ ಡಾಬ್ಸನ್ ಎಂಬ ಉಪಕರಣ ಹಿಡಿದು ತಲೆಯ ಮೇಲಿನ ಓಜೋನ್ ಅಳೆಯುತ್ತಾ ಬಂದರು. ವರ್ಷ ವರ್ಷವೂ ಅದೇ ಅಳತೆ, ಅದೇ ದಾಖಲೆ ಪುಸ್ತಕ. ಜೋ ಫಾರ್ಮನ್, ಬ್ರಯನ್ ಗಾರ್ಡಿನರ್, ಜೊನಾಥನ್ ಶಾಂಕ್ಲಿನ್ 1985ರ ಮೇ ತಿಂಗಳಲ್ಲಿ ಪ್ರಕಟಿಸಿದ ಲೇಖನ ಜಗತ್ತನ್ನು ಬೆಚ್ಚಿಬೀಳಿಸಿತು. ಪ್ರತಿ ವಸಂತದಲ್ಲೂ, ಅಂದರೆ ನಮ್ಮ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅಲ್ಲಿ ಓಜೋನ್ ಕುಸಿಯುತ್ತಿತ್ತು. ಫ್ರಿಜ್ಜಿನ ಗ್ಯಾಸನ್ನು ಜಗತ್ತಿನ ಎಲ್ಲ ಊರುಗಳೂ ಬಿಡುತ್ತಿದ್ದವು. ತೂತು ಬಿದ್ದಿದ್ದು ಮಾತ್ರ ಯಾರೂ ಫ್ರಿಜ್ ಇಟ್ಟುಕೊಳ್ಳದ ಜಾಗದಲ್ಲಿ. ಕಾರಣ ಅಲ್ಲಿನ ಚಳಿ. ಧ್ರುವದ ಇರುಳಿನಲ್ಲಿ ಗಾಳಿ ಸುಳಿಯಾಗಿ ತಿರುಗಿ ಒಳಗಿನ ಹವೆಯನ್ನು ಹೊರಗಿನದರಿಂದ ಬೇರ್ಪಡಿಸುತ್ತದೆ. ಮೇಲಿನ ವಾಯುಮಂಡಲ ಸೊನ್ನೆಗಿಂತ ಸುಮಾರು 78 ಡಿಗ್ರಿ ಕೆಳಗಿಳಿದಾಗ ಅಲ್ಲಿ ವಿಶೇಷ ಮೋಡಗಳು ಹುಟ್ಟುತ್ತವೆ. ಅವುಗಳ ಕಣಗಳ ಮೇಲೆ ಆ ಗ್ಯಾಸಿನಿಂದ ಬಂದ ಕ್ಲೋರಿನ್ ಸಿದ್ಧವಾಗಿ ಕಾದು, ವಸಂತದ ಮೊದಲ ಬಿಸಿಲು ಬಿದ್ದ ಕೂಡಲೇ ಓಜೋನನ್ನು ಒಡೆಯುತ್ತದೆ. 1987ರ ಸೆಪ್ಟೆಂಬರ್ 16ರಂದು, ಇಂಥ ಗ್ಯಾಸುಗಳನ್ನು ತಡೆಯುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಭಾರತ 1992ರಲ್ಲಿ ಸೇರಿಕೊಂಡಿತು, 2010ರ ಹೊತ್ತಿಗೆ ಆರ್-12ರಂಥ ಸಿಎಫ್‌ಸಿಗಳಿಗೆ ವಿದಾಯ ಹೇಳಿತು. ಈಗಿನ ನಿಯಮಗಳು ಹೀಗೇ ಮುಂದುವರಿದರೆ 2066ರ ಸುಮಾರಿಗೆ ಅಂಟಾರ್ಕ್ಟಿಕದ ಓಜೋನ್ 1980ರ ಮಟ್ಟಕ್ಕೆ ಮರಳುವುದೆಂದು ವಿಶ್ವಸಂಸ್ಥೆಯ ಮೌಲ್ಯಮಾಪನ ಹೇಳುತ್ತದೆ. ಹ್ಯಾಲಿಯ ಅಳತೆ ನಿಂತಿದ್ದರೆ ತುಮಕೂರಿನ ಈ ಅಂಗಡಿಯಲ್ಲಿ ಸಿಲಿಂಡರ್ ಇಷ್ಟು ಬೇಗ ಬದಲಾಗುತ್ತಿರಲಿಲ್ಲ. ಗ್ಯಾಸ್ ಬದಲಾದಾಗಲೆಲ್ಲ ಹೊಸ ಕೆಲಸ ಕಲಿತ ಈ ಮೆಕ್ಯಾನಿಕ್ಕುಗಳೂ ಆ ಚೇತರಿಕೆಯ ಪಾಲುದಾರರು. ಅವರಿಗೆ ಆ ಮನ್ನಣೆಯನ್ನು ಯಾರೂ ಕೊಟ್ಟಂತಿಲ್ಲ.

ತುಮಕೂರಿನಿಂದ ಗುಬ್ಬಿಗೆ ಹೊರಟರೆ ತೆಂಗು, ಅಡಕೆ ದಾರಿಯುದ್ದಕ್ಕೂ ಜೊತೆ ಬರುತ್ತವೆ. ನಾಟಕದ ಗುಬ್ಬಿ ವೀರಣ್ಣನವರ ಊರೆಂದು ನಾಡಿಗೆ ಪರಿಚಿತವಾದ ತಾಲ್ಲೂಕಿಗೆ ಈಗ ಇನ್ನೊಂದು ಗುರುತೂ ಸೇರಿದೆ. ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಇಲ್ಲಿ ಮೊದಲಿಗೆ ತಯಾರಿಸಲು ಹೊರಟಿದ್ದು ಹಗುರ ಹೆಲಿಕಾಪ್ಟರುಗಳನ್ನು. ಸೇನೆಯ ಹಳೆಯ ಚೀತಾ, ಚೇತಕ್‌ಗಳ ಜಾಗಕ್ಕೆ ಬರಬೇಕಾದವು ಅವು. ಬೇಲಿಯ ಆಚೆ ನಿಂತು ನೋಡುವಾಗ ಚೇತಕ್ ಎಂಬ ಹೆಸರು ನನ್ನನ್ನು 1981ಕ್ಕೆ ಕರೆದೊಯ್ದಿತು. ಆ ವರ್ಷದ ಡಿಸೆಂಬರ್ 6ರಂದು ಡಾ. ಎಸ್.ಝಡ್. ಖಾಸಿಂ ಅವರ ನೇತೃತ್ವದ ಮೊದಲ ಭಾರತೀಯ ತಂಡ ಗೋವಾದಿಂದ ಹಡಗೇರಿ, 1982ರ ಜನವರಿ 9ರಂದು ಅಂಟಾರ್ಕ್ಟಿಕದಲ್ಲಿ ಇಳಿಯಿತು. ಹಡಗಿನಿಂದ ಹಿಮದ ಮೇಲಕ್ಕೆ ಜನ, ಸಾಮಾನು ಸಾಗಿಸಿದ್ದು ನೌಕಾಪಡೆಯ ಚೇತಕ್ ಹೆಲಿಕಾಪ್ಟರುಗಳು. ನಂತರ ಕಟ್ಟಿದ ‘ದಕ್ಷಿಣ ಗಂಗೋತ್ರಿ’ ಹಿಮದಡಿ ಹೂತುಹೋಯಿತು. 1989ರಲ್ಲಿ ಶಿರ್ಮಾಕರ್ ಓಯಸಿಸ್‌ನ ಬಂಡೆ ನೆಲದಲ್ಲಿ ‘ಮೈತ್ರಿ’ ಬಂತು. 2012ರ ಮಾರ್ಚಿನಲ್ಲಿ, 134 ಹಡಗು ಕಂಟೇನರುಗಳನ್ನು ಜೋಡಿಸಿ ಕಟ್ಟಿದ ಭಾರತಿ ಬಂತು.

ಗುಬ್ಬಿಯ ರೇಖಾಂಶದ ಮೇಲೆ, ಕಡಲ ದಡದಲ್ಲಿ ಸಿಗುವ ಕೊನೆಯ ಊರು ತಿರುವನಂತಪುರ ಎಂದೆನಷ್ಟೆ. ಅದರ ಪಕ್ಕದ ತುಂಬಾದಿಂದ 1970ರಿಂದ ಮುಂದೆ ಬಹಳ ವರ್ಷ ವಾರಕ್ಕೊಮ್ಮೆ ಸೋವಿಯತ್ ಎಂ-100 ರಾಕೆಟ್ಟುಗಳು ಮೇಲಿನ ಗಾಳಿಯನ್ನು ಅಳೆಯಲು ಹಾರುತ್ತಿದ್ದವು. ಅದೇ ರಾಕೆಟ್ಟು ಉತ್ತರ ಧ್ರುವದ ಹತ್ತಿರದ ಹೈಸ್ ದ್ವೀಪದಿಂದಲೂ ವೋಲ್ಗೊಗ್ರಾಡಿನಿಂದಲೂ ಅಂಟಾರ್ಕ್ಟಿಕದ ಮೊಲೊದ್ಯೋಝ್ನಾಯಾದಿಂದಲೂ ಏರುತ್ತಿತ್ತು. ಧ್ರುವದಿಂದ ಧ್ರುವಕ್ಕೆ ವಾಯುಮಂಡಲವನ್ನು ಒಂದೇ ಸಾಲಿನಲ್ಲಿ ಅಳೆಯುವ ಆ ಕೆಲಸದಲ್ಲಿ ಕೇರಳದ ಮೀನುಗಾರರ ಹಳ್ಳಿಯೊಂದು ನಡುವಿನ ಕೊಂಡಿಯಾಗಿತ್ತು.

ಈಗ ಆ ಕೊಂಡಿ ಉಪಗ್ರಹಗಳ ರೂಪದಲ್ಲಿದೆ. ನೆಲದ ಚಿತ್ರ ತೆಗೆಯುವ ನಮ್ಮ ದೂರಸಂವೇದಿ ಉಪಗ್ರಹಗಳು ಧ್ರುವಗಳ ಸಮೀಪದಿಂದ ಹಾಯುವ ಕಕ್ಷೆಯಲ್ಲಿ ದಿನಕ್ಕೆ ಸುಮಾರು 14 ಸುತ್ತು ಹಾಕುತ್ತವೆ. ಕೆಳಗೆ ಭೂಮಿ ತಿರುಗುತ್ತಿರುವುದರಿಂದ ಪ್ರತಿ ಸುತ್ತಿನಲ್ಲೂ ಬೇರೆ ಬೇರೆ ನಾಡು ಸಿಗುತ್ತದೆ. ಧ್ರುವದ ಪ್ರದೇಶವೊಂದೇ ಪ್ರತಿ ಸುತ್ತಿಗೂ ಸಿಗುವ ಜಾಗ. ಅದಕ್ಕೇ ಭಾರತಿಯಲ್ಲಿ ಇಸ್ರೊ ಮಾಹಿತಿ ಇಳಿಸಿಕೊಳ್ಳುವ ಆಂಟೆನಾ ಇಟ್ಟಿದೆ. ಮಂಗಳಾ ಮಣಿ ಎಂಬ ಇಸ್ರೊ ವಿಜ್ಞಾನಿ 2016-17ರಲ್ಲಿ ಅಲ್ಲಿ 403 ದಿನ ಇದ್ದು ಅದನ್ನು ನಡೆಸಿದವರು. ಬೆಳಗಿನ ಹತ್ತೂವರೆ ಸುಮಾರಿಗೆ ಗುಬ್ಬಿಯ ಅಮಾನಿಕೆರೆ, ಕಡಬದ ಕೆರೆಗಳ ಮೇಲೆ ಹಾದ ಉಪಗ್ರಹ ಇಪ್ಪತ್ತೈದು ನಿಮಿಷದೊಳಗೆ ಭಾರತಿಯ ಆಂಟೆನಾಕ್ಕೆ ಕಾಣುವಷ್ಟು ದಕ್ಷಿಣಕ್ಕೆ ತಲುಪಿರುತ್ತದೆ. ಕೆರೆಗಳ ಒತ್ತುವರಿ, ಹೂಳು, ತೋಟಗಳ ವಿಸ್ತಾರವನ್ನು ನಕ್ಷೆಯಲ್ಲಿ ತೋರಿಸುವುದು ಇದೇ ಜಾತಿಯ ಉಪಗ್ರಹಗಳು.

ಗುಬ್ಬಿಯಿಂದ ತೋಟಗಳ ನಡುವಿನ ಒಳದಾರಿ ಹಿಡಿದು ಕುಣಿಗಲ್ ಕಡೆ ತಿರುಗಿದೆ. ದಾರಿಯುದ್ದಕ್ಕೂ ಬೋರ್‌ವೆಲ್ ಲಾರಿಗಳು ಎದುರಾದವು. ಸಾವಿರ ಅಡಿ ಕೊರೆದರೂ ನೀರು ಸಿಗದ ಕಥೆ ಈ ಸೀಮೆಯಲ್ಲಿ ಹೊಸದಲ್ಲ. ಕಲ್ಲು ಕೊರೆಯುವುದು ನೀರಿಗಾಗಿ. ಇದೇ ಕಾಲದಲ್ಲಿ ಅಂಟಾರ್ಕ್ಟಿಕದ ಡೋಮ್-ಸಿ ಎಂಬಲ್ಲಿ ಯುರೋಪಿನವರು ಮೂರು ಕಿಲೋಮೀಟರಿಗೂ ಆಳಕ್ಕೆ ಹಿಮ ಕೊರೆದದ್ದು ಗಾಳಿಗಾಗಿ! ಹಿಮ ಬಿದ್ದು ಒತ್ತಿಕೊಳ್ಳುವಾಗ ಆ ಕಾಲದ ಗಾಳಿ ಗುಳ್ಳೆಗಳಾಗಿ ಸಿಕ್ಕಿಬೀಳುತ್ತದೆ. ಅವುಗಳನ್ನು ಒಡೆದು ಅಳೆದಾಗ ಎಂಟು ಲಕ್ಷ ವರ್ಷಗಳ ವಾತಾವರಣದ ಲೆಕ್ಕ ಸಿಕ್ಕಿತು. ಅಷ್ಟೂ ಕಾಲದಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗದಲ್ಲಿ 300 ದಾಟಿರಲಿಲ್ಲ. ಈಗ 420 ದಾಟಿದೆ. ವಾದ ಮಾಡಲು ಜಾಗವೇ ಇಲ್ಲದ ದಾಖಲೆ ಇದು. ಯಾರ ಬಾಯಿಮಾತೂ ಅಲ್ಲ, ಆ ಕಾಲದ ಗಾಳಿಯೇ ಕೈಗೆ ಸಿಕ್ಕಿದೆ.

ಕುಣಿಗಲ್ಲಿನಲ್ಲಿ ಹೆದ್ದಾರಿಯ ಪಕ್ಕ ಕುದುರೆ ಫಾರಂ. ಹೈದರ್, ಟಿಪ್ಪು ಕಾಲದ ನೆನಪಿನೊಂದಿಗೆ ಬೆಸೆದ ಹುಲ್ಲುಗಾವಲಿನ ಬೇಲಿಯ ಬದಿ ನಡೆಯುವಾಗ ಧ್ರುವದ ಇತಿಹಾಸದ ಒಂದು ತುಣುಕು ನೆನಪಾಯಿತು. ಕ್ಯಾಪ್ಟನ್ ಸ್ಕಾಟ್ 1910ರಲ್ಲಿ ದಕ್ಷಿಣ ಧ್ರುವದ ಯಾತ್ರೆಗೆ ಹೊರಟಾಗ ಅವನ ತಂಡದ ಹವಾಮಾನ ತಜ್ಞ ಜಾರ್ಜ್ ಸಿಂಪ್ಸನ್ ಹೋದದ್ದು ಶಿಮ್ಲಾದಿಂದ, ಭಾರತೀಯ ಹವಾಮಾನ ಇಲಾಖೆಯ ನೌಕರಿಯಿಂದ. ಧ್ರುವದಿಂದ ಮರಳುವಾಗ ಸ್ಕಾಟ್ ತೀರಿಕೊಂಡ ಮೇಲೆ, 1912ರಲ್ಲಿ ಅವನ ಡೇರೆಯನ್ನು ಹುಡುಕಿ ಹೋದ ತಂಡದ ಜೊತೆ ಭಾರತದಿಂದ ಕಳಿಸಿದ್ದ ಏಳು ಹೇಸರಗತ್ತೆಗಳಿದ್ದವು. ಲಾಲ್ ಖಾನ್, ಗುಲಾಬ್, ಬೇಗಂ, ರಾಣಿ, ಅಬ್ದುಲ್ಲಾ, ಪ್ಯಾರಿ, ಖಾನ್ ಸಾಹಿಬ್ ಎಂಬ ಹೆಸರುಗಳು ದಾಖಲೆಯಲ್ಲಿ ಉಳಿದಿವೆ. ಸಿಂಪ್ಸನ್ ಆ ಕಾಲಕ್ಕೆ ಶಿಮ್ಲಾದಲ್ಲಿ ಗಿಲ್ಬರ್ಟ್ ವಾಕರ್ ಕೈಕೆಳಗೆ ಕೆಲಸ ಮಾಡುತ್ತಿದ್ದವನು. ಈ ವಾಕರ್ ನಮ್ಮ ಮುಂಗಾರನ್ನು ಮುಂಚಿತವಾಗಿ ತಿಳಿಯುವ ದಾರಿ ಹುಡುಕುತ್ತ ದಕ್ಷಿಣ ಗೋಳಾರ್ಧದ ವಾಯುಭಾರದ ಏರಿಳಿತವನ್ನು ಗುರುತಿಸಿದವನು. ನೂರು ವರ್ಷದ ಹಿಂದೆಯೇ ಮುಂಗಾರನ್ನು ಬಲ್ಲವರು ದಕ್ಷಿಣದ ಕಡೆ ನೋಡುತ್ತಿದ್ದರು.

ನಮ್ಮ ಮಳೆಗಾಲ ಅಂಟಾರ್ಕ್ಟಿಕದ ಚಳಿಗಾಲ. ಆ ತಿಂಗಳುಗಳಲ್ಲಿ ಮಡಗಾಸ್ಕರಿನ ಪೂರ್ವಕ್ಕೆ, ಸುಮಾರು 30 ಡಿಗ್ರಿ ದಕ್ಷಿಣದಲ್ಲಿ ಮಸ್ಕರೇನ್ ಎಂಬ ಅಧಿಕ ಒತ್ತಡದ ವಲಯ ಬಲಗೊಳ್ಳುತ್ತದೆ. ಅಲ್ಲಿಂದ ಹೊರಟ ಗಾಳಿ ಆಫ್ರಿಕದ ಕರಾವಳಿಯ ಬಳಿ ಸಮಭಾಜಕ ದಾಟಿ, ತಿರುಗಿ, ನೈರುತ್ಯ ಮಾರುತವಾಗಿ ನಮ್ಮ ಘಟ್ಟಕ್ಕೆ ಅಪ್ಪಳಿಸುತ್ತದೆ. ಧ್ರುವದ ಚಳಿಗೂ ಉಷ್ಣವಲಯದ ಬಿಸಿಗೂ ಇರುವ ಅಂತರವೇ ದಕ್ಷಿಣದ ಗಾಳಿಗಳನ್ನು ನಡೆಸುವ ಶಕ್ತಿ. ಘಟ್ಟದಲ್ಲಿ ಸುರಿಸಿ ಉಳಿದಿದ್ದು ಕುಣಿಗಲ್, ಗುಬ್ಬಿಗೆ. ಘಟ್ಟದಲ್ಲಿ ಹುಟ್ಟಿದ ಹೇಮಾವತಿಯನ್ನು ನಾಲೆಯಲ್ಲಿ ತಂದು ಉಳಿದ ಕೊರತೆ ತುಂಬಬೇಕು. ಆ ನಾಲೆಯ ನೀರು ಯಾರಿಗೆ ಎಷ್ಟು ಎಂಬ ವಿಷಯದಲ್ಲಿ ಈ ಎರಡು ತಾಲ್ಲೂಕುಗಳ ನಡುವೆಯೇ ಬಿಸಿ ಇದೆ.

ಕುಣಿಗಲ್ ದೊಡ್ಡಕೆರೆಯ ಏರಿ ಮೇಲೆ ಒಬ್ಬ ಹಿರಿಯರು ಸಿಕ್ಕರು. ಹಿಂದಿನವರು ನೀರುಗಂಟಿಗಳಾಗಿದ್ದರಂತೆ. ತೂಬಿನ ಕಲ್ಲುಕಂಬ ತೋರಿಸಿ, ನೀರು ಎಲ್ಲಿಗೆ ಬಂದರೆ ಎಷ್ಟು ಗದ್ದೆಗೆ ಬಿಡಬಹುದೆಂಬ ಲೆಕ್ಕ ತಾತನ ಕಾಲದಿಂದ ಬಾಯಲ್ಲಿದೆ ಎಂದರು. ನಾನು ಯಾಕೆ ಬಂದೆನೆಂದು ವಿವರಿಸಿದೆ.

“ಅಲ್ಲೋಗಿ ಏನ್ ಸಿಕ್ತದೆ ಸಾರ್, ಬರೀ ಐಸು. ಅಷ್ಟು ದುಡ್ಡು ಸುರಿಯೋ ಬದ್ಲು ಮದ್ಲು ಈ ಕೆರೆಗೆ ವರ್ಸ ವರ್ಸ ನೀರ್ ಬರಂಗ್ ಮಾಡ್ಲಿ.”

“ಈ ವರ್ಷ ಮಳೆ ಹೆಂಗೆ ಯಜಮಾನ್ರೇ?”

“ಮೊದ್ಲಿನಂಗಿಲ್ಲ ಬಿಡಿ. ಬಂದ್ರೆ ಒಂದೇ ರಾತ್ರೀಲಿ ಸುರಿದು ಕೋಡಿ ಬೀಳ್ತದೆ. ಇಲ್ಲಾಂದ್ರೆ ತಿಂಗ್ಳುಗಟ್ಲೆ ಮೋಡವೇ ಇರಲ್ಲ. ನಮ್ ಲೆಕ್ಕಕ್ಕೆ ಸಿಗಾಕಿಲ್ಲ.”

ಅವರ ಪ್ರಶ್ನೆಗೆ ಅವರದೇ ಎರಡನೆಯ ಮಾತು ಅರ್ಧ ಉತ್ತರ ಎಂದು ನನಗನ್ನಿಸಿತು. ಲೆಕ್ಕಕ್ಕೆ ಸಿಗದ ಮಳೆಯ ಲೆಕ್ಕ ಹುಡುಕಲು ಎಲ್ಲಿಗೆ ಹೋಗಬೇಕು? ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರ್ಕ್ಟಿಕ್‌ನ ಕಾರಾ ಕಡಲಿನಲ್ಲಿ ಬೇಸಿಗೆಯ ಮಂಜುಗಡ್ಡೆ ಕಡಿಮೆಯಾದಾಗ, ಮುಂಗಾರಿನ ಕೊನೆಯಲ್ಲಿ, ಅಂದರೆ ಸೆಪ್ಟೆಂಬರಿನಲ್ಲಿ, ಮಧ್ಯ ಭಾರತದಲ್ಲಿ ವಿಪರೀತ ಮಳೆಯ ಸಂಭವಕ್ಕೆ ನಂಟಿರಬಹುದು ಎಂದು ಅದು ತೋರಿಸಿತು. ಮಧ್ಯ ಭಾರತದ ಮಾತನ್ನು ಹಾಗೆಯೇ ಕುಣಿಗಲ್ಲಿಗೆ ಅಂಟಿಸಲಾಗದು. ಆದರೆ ಆರ್ಕ್ಟಿಕ್ 1979ರಿಂದ ಈಚೆಗೆ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಅಂಟಾರ್ಕ್ಟಿಕದ ಸುತ್ತಲಿನ ಕಡಲ ಮಂಜು 2023ರ ಸೆಪ್ಟೆಂಬರಿನಲ್ಲಿ ಉಪಗ್ರಹಗಳ ದಾಖಲೆಯಲ್ಲೇ ಅತಿ ಕಡಿಮೆ ಗರಿಷ್ಠಕ್ಕೆ ನಿಂತಿತು, ಸುಮಾರು 170 ಲಕ್ಷ ಚದರ ಕಿಲೋಮೀಟರಿಗೆ. ಎರಡು ತುದಿಗಳ ಚಳಿ ಹೀಗೆ ಬದಲಾಗುವಾಗ ನಡುವಿನ ಗಾಳಿ, ಮಳೆ ಹಳೆಯ ಹದದಲ್ಲೇ ಉಳಿಯಲು ಸಾಧ್ಯವಿಲ್ಲ. ಸ್ವಾಲ್ಬಾರ್ಡ್‌ನ ನ್ಯೂ ಓಲೆಸುಂಡ್‌ನಲ್ಲಿ 2008ರಲ್ಲಿ ಆರಂಭವಾದ ನಮ್ಮ ‘ಹಿಮಾದ್ರಿ’ ಕೇಂದ್ರವೂ, 2014ರಲ್ಲಿ ಅಲ್ಲಿನ ಕಡಲಿಗೆ ಇಳಿಸಿದ ‘ಇಂಡ್‌ಆರ್ಕ್’ ಉಪಕರಣವೂ ಹುಡುಕುತ್ತಿರುವುದು ಇದರ ಎಳೆಗಳನ್ನೇ.

ಮರುದಿನ ಮಾಗಡಿ ದಾರಿಯಲ್ಲಿ ಬಂದು ತಾವರೆಕೆರೆಯಿಂದ ಬ್ಯಾಲಾಳಿನತ್ತ ಹೊರಳಿದೆ. ರಾಗಿ ಹೊಲಗಳ ಆಚೆ ಬಿಳಿಯ ದೊಡ್ಡ ಬಟ್ಟಲುಗಳು ಆಕಾಶ ನೋಡುತ್ತಿದ್ದವು. ಒಂದು 32 ಮೀಟರಿನದು, ಇನ್ನೊಂದು 18 ಮೀಟರಿನದು. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರ ಮಾತು ಕೇಳಲು ಕಟ್ಟಿದ ಕಿವಿಗಳಿವು. ಆ ನೌಕೆ ಚಂದ್ರನ ಧ್ರುವಗಳ ಮೇಲಿಂದ ಸುತ್ತಿತು. ನವೆಂಬರ್ 14ರಂದು ಅದರ ಪುಟ್ಟ ಉಪಕರಣ ದಕ್ಷಿಣ ಧ್ರುವದ ಶ್ಯಾಕಲ್‌ಟನ್ ಕುಳಿಯ ಸಮೀಪಕ್ಕೆ ಅಪ್ಪಳಿಸಿತು. 2009ರಲ್ಲಿ ಅದರಲ್ಲಿದ್ದ ಅಮೆರಿಕದ ಎಂ-3 ಉಪಕರಣ ಚಂದ್ರನ ಮಣ್ಣಿನಲ್ಲಿ ನೀರಿನ ಗುರುತು ಕಂಡದ್ದು ಸುದ್ದಿಯಾಯಿತು. ಆ ವರ್ಷದ ಆಗಸ್ಟಿನಲ್ಲೇ ನೌಕೆಯ ಸಂಪರ್ಕ ಕಡಿದಿತ್ತು. ಆದರೆ ಕಥೆ ಮುಗಿಯಲಿಲ್ಲ. ಅದೇ ಉಪಕರಣದ ಹಳೆಯ ಮಾಹಿತಿಯನ್ನು ಮತ್ತೆ ಕೆದಕಿದವರಿಗೆ ಧ್ರುವದ ಕತ್ತಲ ಕುಳಿಗಳ ಮೇಲ್ಮೈಯಲ್ಲೇ ಮಂಜುಗಡ್ಡೆ ಇರುವ ಸಾಕ್ಷಿ ಸಿಕ್ಕಿದ್ದು 2018ರಲ್ಲಿ! ನೌಕೆ ಸುಮ್ಮನಾಗಿ ಒಂಬತ್ತು ವರ್ಷ ಆಗಿತ್ತು. ಉಳಿದಿದ್ದ ದಾಖಲೆ ಮಾತಾಡಿತು.

ಕುಣಿಗಲ್ಲಿನ ಯಜಮಾನರಿಗೆ ಅಂದು ಏರಿಯ ಮೇಲೆ ಅರೆಬರೆ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳಬೇಕು. ಧ್ರುವಕ್ಕೆ ಹೋದವರು ತಂದದ್ದು ಐಸಲ್ಲ, ಲೆಕ್ಕ. ಹ್ಯಾಲಿಯಲ್ಲಿ ದಶಕಗಳ ಕಾಲ ಬಿಡದೆ ಬರೆದಿಟ್ಟ ಲೆಕ್ಕ ನಮ್ಮ ತಲೆಯ ಮೇಲಿನ ಓಜೋನನ್ನು ಉಳಿಸಿತು. ಹಿಮದಲ್ಲಿ ಉಳಿದ ಲೆಕ್ಕ ನಾವು ಗಾಳಿಗೆ ಏನು ಮಾಡಿದ್ದೇವೆಂದು ಹೇಳಿತು. ಬ್ಯಾಲಾಳಿನಲ್ಲಿ ಇಳಿದು ಉಳಿದ ಲೆಕ್ಕ ಚಂದ್ರನಲ್ಲಿ ನೀರು ತೋರಿಸಿತು. ಕೆರೆ ತುಂಬಿಸುವುದು ಬೇರೆ, ಧ್ರುವ ನೋಡುವುದು ಬೇರೆ ಎಂದು ಇನ್ನು ಮುಂದೆ ವಾದಿಸಲಾಗದು. ಒಂದೇ ರಾತ್ರಿ ಸುರಿಯುವ ಮಳೆಗೆ ಕೋಡಿಯನ್ನು ಎಷ್ಟು ಅಗಲ ಮಾಡಬೇಕು, ತೂಬನ್ನು ಯಾವಾಗ ಎತ್ತಬೇಕು, ನಾಲೆಯ ನೀರನ್ನು ಎರಡು ತಾಲ್ಲೂಕು ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ತೀರ್ಮಾನಿಸಲು ಮುಂದಿನ ಮೂವತ್ತು ವರ್ಷದ ಮಳೆ ಹೇಗಿರಬಹುದೆಂಬ ಅಂದಾಜು ಬೇಕು. ಎರಡೂ ಧ್ರುವಗಳ ಅಳತೆ ಕೈಯಲ್ಲಿಲ್ಲದೆ ಆ ಅಂದಾಜು ಗಟ್ಟಿಯಾಗುವುದಿಲ್ಲ.

ಗುಬ್ಬಿಯಿಂದ ಭಾರತಿಗೆ ಎಳೆದ ಗೆರೆಗೆ ಎರಡು ತುದಿಗಳಿವೆ. ಆ ತುದಿಯಲ್ಲಿ ಚಳಿಗಾಲದ ಕತ್ತಲೆಯಲ್ಲೂ ನಮ್ಮವರು ಪ್ರತಿದಿನ ಗಾಳಿಯ ಒತ್ತಡ, ಶಾಖ ಬರೆದಿಡುತ್ತಾರೆ. ಈ ತುದಿಯಲ್ಲೂ ಅಷ್ಟೇ ಶ್ರದ್ಧೆ ಬೇಕು. ಪ್ರತಿ ಪಂಚಾಯಿತಿಯ ಮಳೆಮಾಪಕ ಒಂದು ದಿನವೂ ತಪ್ಪದೆ ನಡೆಯಬೇಕು. ದೊಡ್ಡಕೆರೆಯ ತೂಬಿನ ಕಂಬದ ಮೇಲಿನ ನೀರುಗಂಟಿಯ ಬಾಯಿಲೆಕ್ಕ ಕಾಗದಕ್ಕೆ ಇಳಿಯಬೇಕು. ಗುಬ್ಬಿಯ ಶಾಲೆಯ ಮಕ್ಕಳು ತಮ್ಮ ಊರಿನ ಗೆರೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನಕ್ಷೆಯ ಮೇಲೆ ಎಳೆದು ನೋಡಬೇಕು, ತಮ್ಮ ಅಂಗಳದ ಮಳೆಯನ್ನು ತಾವೇ ಅಳೆದು ಬರೆಯಬೇಕು. ಐವತ್ತು ವರ್ಷದ ಮೇಲೆ ಈ ಸೀಮೆಯ ಮಳೆಯನ್ನು ಅರಿಯಲು ಹೊರಟವರಿಗೆ ಭಾರತಿಯ ದಾಖಲೆ ಸಿದ್ಧವಿರುತ್ತದೆ. ಅದರ ಪಕ್ಕ ಇಟ್ಟು ಓದಲು ನಮ್ಮ ಕೆರೆಗಳ ದಾಖಲೆಯೂ ಇರುವಂತೆ ನೋಡಿಕೊಳ್ಳುವ ಹೊಣೆ ನಮ್ಮದು.